ಒಂದೇ ಹಾಳೆ, ಒಂದೇ ಜಾಗ: ಕಾಗದ ಎಳೆಯಲು ಯಂತ್ರ ಕಲಿತ ಕತೆ

ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಹಾಲ್ ಟಿಕೆಟ್, ಬೆಳೆ ವಿಮೆಯ ಅರ್ಜಿ, ತೀರಿಕೊಂಡವರ ಫೋಟೊ. ನಮ್ಮ ಹೋಬಳಿಗಳಲ್ಲಿ ಬದುಕಿಗೆ ಬೇಕಾದ ಕಾಗದಗಳೆಲ್ಲ ಇವತ್ತು ಹೊರಬರುವುದು ಬಸ್ ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಯ ಕಲರ್ ಪ್ರಿಂಟರಿನಿಂದ. ಅದು ಕೈಕೊಟ್ಟ ದಿನ ಏನಾಗುತ್ತದೆ ಎಂಬುದು ಸಾಲಿನಲ್ಲಿ ನಿಂತವರಿಗೆ ಗೊತ್ತು. ಕರೆಂಟ್ ಇರುತ್ತದೆ, ಇಂಕ್ ತುಂಬಿರುತ್ತದೆ, ಸರ್ವರ್ ಕೂಡ ಅಪರೂಪಕ್ಕೆ ಓಡುತ್ತಿರುತ್ತದೆ. ಹಾಳೆ ಮಾತ್ರ ಒಳಗೆ ಹೋಗುವುದಿಲ್ಲ. ಹೋದರೂ ಎರಡೆರಡು ಹೋಗಿ ನಡುವೆ ಸಿಕ್ಕಿಹಾಕಿಕೊಳ್ಳುತ್ತವೆ.

ನಾವು ಪತ್ರಿಕೋದ್ಯಮ ಓದುವಾಗ ಮುದ್ರಣದ ಇತಿಹಾಸ ಎಂದರೆ ಅಚ್ಚುಮೊಳೆ, ಶಾಯಿ, ಯಂತ್ರದ ವೇಗ ಇಷ್ಟೇ ಆಗಿತ್ತು. ಹಾಳೆ ಯಂತ್ರದೊಳಕ್ಕೆ ಹೇಗೆ ಹೋಗುತ್ತದೆ ಎಂಬ ಪಾಠ ಇರಲಿಲ್ಲ. ಆದರೆ ಐದೂವರೆ ಶತಮಾನಕ್ಕೂ ಹಳೆಯದಾದ ಈ ಕಸುಬನ್ನು ಹಾಳೆಯ ಕಡೆಯಿಂದ ನೋಡಿದರೆ ಬೇರೆಯೇ ಕತೆ ಕಾಣುತ್ತದೆ. ಮುದ್ರಕರ ತಲೆ ತಿಂದ ಪ್ರಶ್ನೆಗಳು ಎರಡು. ಕಟ್ಟಿನಿಂದ ಒಂದೇ ಒಂದು ಹಾಳೆಯನ್ನು ಎತ್ತುವುದು ಹೇಗೆ? ಎತ್ತಿದ ಹಾಳೆಯನ್ನು ಪ್ರತಿಸಲವೂ ಅದೇ ಜಾಗಕ್ಕೆ ತಂದು ನಿಲ್ಲಿಸುವುದು ಹೇಗೆ? ಒಂದು ಬಣ್ಣವಾದರೆ ಎರಡನೆಯ ಪ್ರಶ್ನೆಯಲ್ಲಿ ಸ್ವಲ್ಪ ತಪ್ಪಿದರೂ ನಡೆಯುತ್ತದೆ. ನಾಲ್ಕು ಬಣ್ಣ ಎಂದಕೂಡಲೇ ಕೂದಲೆಳೆಯಷ್ಟು ತಪ್ಪಿದರೂ ಕಣ್ಣಿಗೆ ಬೀಳುತ್ತದೆ.

ಸೂಜಿ ಚುಚ್ಚಿದ ಗುರುತು

1450ರ ದಶಕದಲ್ಲಿ ಜರ್ಮನಿಯ ಮೈನ್ಜ್ ಊರಿನಲ್ಲಿ ಗುಟೆನ್‌ಬರ್ಗ್ ಬೈಬಲ್ ಅಚ್ಚು ಹಾಕಿದಾಗ ಹಾಳೆ ಕೊಡುವ ಯಂತ್ರ ಇರಲಿಲ್ಲ, ಇದ್ದದ್ದು ಮನುಷ್ಯನ ಕೈ. ಆ ಕಾಲದ ಕೈ ಪ್ರೆಸ್ಸಿನಲ್ಲಿ ಸಾಮಾನ್ಯವಾಗಿ ಇಬ್ಬರು ದುಡಿಯುತ್ತಿದ್ದರು. ಒಬ್ಬ ಮೊಳೆಗಳಿಗೆ ಶಾಯಿ ಹಚ್ಚಿದರೆ, ಇನ್ನೊಬ್ಬ ಹಾಳೆ ಇಟ್ಟು, ಸನ್ನೆ ಎಳೆದು, ಅಚ್ಚಾದ ಹಾಳೆಯನ್ನು ತೆಗೆಯುತ್ತಿದ್ದ.

ಹಾಳೆಯ ಹಿಂಬದಿಯ ಸಾಲುಗಳು ಮುಂಬದಿಯ ಸಾಲುಗಳಿಗೆ ಸರಿಯಾಗಿ ಕೂಡಬೇಕಲ್ಲ? ಅದಕ್ಕೆ ಹಾಳೆಯನ್ನು ಸಣ್ಣ ಸೂಜಿಗಳಿಗೆ ಚುಚ್ಚಿ ನಿಲ್ಲಿಸುತ್ತಿದ್ದರು. ತಿರುಗಿಸಿ ಹಾಕುವಾಗ ಅದೇ ತೂತುಗಳನ್ನು ಅದೇ ಸೂಜಿಗಳಿಗೆ ಕೂರಿಸಿದರೆ ಜಾಗ ತಪ್ಪುವುದಿಲ್ಲ. ಗುಟೆನ್‌ಬರ್ಗ್ ಬೈಬಲ್‌ನ ಹಾಳೆಗಳಲ್ಲಿ ಆ ತೂತುಗಳು ಇವತ್ತಿಗೂ ಕಾಣುತ್ತವೆ. ಹೀಗೆ ಜಾಗಕ್ಕೆ ಜಾಗ ಕೂಡಿಸುವುದನ್ನು ನಮ್ಮ ಪ್ರೆಸ್ಸಿನವರು 'ರಿಜಿಸ್ಟರ್' ಎನ್ನುತ್ತಾರೆ. ಬಣ್ಣ ಗೆರೆಯಿಂದಾಚೆ ಜಾರಿದರೆ 'ರಿಜಿಸ್ಟರ್ ಔಟ್'.

ಅದೇ ಮೈನ್ಜ್‌ನಲ್ಲಿ 1457ರಲ್ಲಿ ಫುಸ್ಟ್ ಮತ್ತು ಶೋಫರ್ ಎಂಬ ಇಬ್ಬರು ಒಂದು ಕೀರ್ತನೆಗಳ ಪುಸ್ತಕ ತಂದರು. ಕಪ್ಪು ಅಕ್ಷರಗಳ ಜೊತೆ ಕೆಂಪು ಮತ್ತು ನೀಲಿಯ ದೊಡ್ಡ ಅಕ್ಷರಗಳು ಅದರಲ್ಲಿವೆ, ಬಣ್ಣ ಜಾಗ ಬಿಟ್ಟು ಕದಲಿಲ್ಲ. ಬಣ್ಣದ ತುಂಡುಗಳನ್ನು ಹೊರತೆಗೆದು, ಬೇರೆಬೇರೆ ಶಾಯಿ ಹಚ್ಚಿ, ಮತ್ತೆ ಕಪ್ಪಿನ ನಡುವೆ ಕೂರಿಸಿ, ಎಲ್ಲವನ್ನೂ ಒಂದೇ ಒತ್ತಿಗೆ ಅಚ್ಚು ಹಾಕಿರಬೇಕು ಎಂಬುದು ವಿದ್ವಾಂಸರ ಅಭಿಪ್ರಾಯ. ಅಂದರೆ ಹಾಳೆಯನ್ನು ಮೂರು ಸಲ ಓಡಿಸುವ ಬದಲು ಬಣ್ಣಗಳನ್ನೇ ಮೊದಲು ಒಂದೆಡೆ ಸೇರಿಸಿದರು. ಈ ಉಪಾಯವನ್ನು ನೆನಪಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ಆದರೆ ಈ ಕೆಲಸ ಬಹಳ ನಿಧಾನ. ಮುಂದೆ ಬಂದವರು ಒಂದೊಂದು ಬಣ್ಣಕ್ಕೆ ಒಂದೊಂದು ಫಲಕ ಮಾಡಿ ಅದೇ ಹಾಳೆಯನ್ನು ಮತ್ತೆ ಮತ್ತೆ ಒತ್ತುವ ದಾರಿ ಹಿಡಿದರು. ಕೆಲವೇ ಮೂಲ ಬಣ್ಣಗಳನ್ನು ಒಂದರ ಮೇಲೊಂದು ಒತ್ತಿ ಬೇಕಾದ ಬಣ್ಣ ಪಡೆಯುವ ವಿಧಾನಕ್ಕೆ ಜೇಕಬ್ ಕ್ರಿಸ್ಟಾಫ್ ಲೆ ಬ್ಲೋನ್ ಎಂಬಾತ 1719ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ. ಇವತ್ತಿನ ನಾಲ್ಕು ಬಣ್ಣದ ಮುದ್ರಣದ ಬೇರು ಅಲ್ಲಿದೆ, ಹಾಳೆಯ ಕಷ್ಟ ಹೆಚ್ಚಿದ್ದೂ ಅಲ್ಲಿಂದಲೇ.

ಕಲ್ಲಚ್ಚು ಮತ್ತು ದೇವರ ಪಟ

ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರ ಜುಲೈ 1ರಂದು ಹೊರಬಂದದ್ದು ಕಲ್ಲಚ್ಚಿನಲ್ಲಿ. ಹರ್ಮನ್ ಮೋಗ್ಲಿಂಗ್ ಸಂಪಾದಕ, ಬಾಸೆಲ್ ಮಿಷನ್ನಿನ ಪ್ರೆಸ್ಸು. ಅದು ಒಂದೇ ಬಣ್ಣದ ಕೆಲಸ, ಹಾಗಾಗಿ ಒಂದು ಹಾಳೆಗೆ ಒಂದು ಒತ್ತು ಸಾಕು.

ಬಣ್ಣದ ಕಲ್ಲಚ್ಚು ನಮ್ಮ ಮನೆಗಳಿಗೆ ಬಂದದ್ದು ದೇವರ ಪಟಗಳ ಮೂಲಕ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಪ್ರೆಸ್ ಶುರುಮಾಡಿದ. ಲಕ್ಷ್ಮಿಯ ಸೀರೆಯ ಕೆಂಪಿಗೆ ಒಂದು ಕಲ್ಲು, ಎಲೆಯ ಹಸಿರಿಗೆ ಇನ್ನೊಂದು, ಮೈಬಣ್ಣಕ್ಕೆ ಮತ್ತೊಂದು. ಒಂದೇ ಹಾಳೆ ಅಷ್ಟೂ ಕಲ್ಲುಗಳ ಮೇಲೆ ಒಂದಾದಮೇಲೊಂದರಂತೆ ಹಾದುಹೋಗಬೇಕು. ಒಂದು ಬಣ್ಣ ಒಣಗಿದ ಮೇಲೆ ಮುಂದಿನದು. ಅಷ್ಟರಲ್ಲಿ ಹಾಳೆ ಗಾಳಿಯ ತೇವ ಕುಡಿದು ಚೂರು ಹಿಗ್ಗಿರುತ್ತದೆ, ಇಲ್ಲವೇ ಒಣಗಿ ಕುಗ್ಗಿರುತ್ತದೆ. ಅಗ್ಗದ ಹಳೆಯ ಪಟಗಳನ್ನು ಹತ್ತಿರದಿಂದ ನೋಡಿ. ತುಟಿಯ ಕೆಂಪು ತುಟಿಯಾಚೆ ಇರುತ್ತದೆ, ಕಿರೀಟದ ಹಳದಿ ಕೂದಲಿಗೆ ತಾಗಿರುತ್ತದೆ. ಕಲಾವಿದನ ಕೈ ನಡುಗಿ ಹಾಗಾದದ್ದಲ್ಲ, ಕಾಗದ ಕದಲಿದ್ದರಿಂದ ಆದದ್ದು.

ಹಾಳೆ ಕೊಡುವ ಕೈಗಳು

ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆ 1814ರ ನವೆಂಬರ್ 29ರಂದು ಉಗಿಯಂತ್ರದಲ್ಲಿ ಅಚ್ಚಾಯಿತು. ಫ್ರೆಡ್ರಿಕ್ ಕೋನಿಗ್ ಮತ್ತು ಆಂಡ್ರಿಯಾಸ್ ಬಾಯರ್ ಕಟ್ಟಿದ ಸಿಲಿಂಡರ್ ಯಂತ್ರ ಅದು. ಗಂಟೆಗೆ 1,100 ಹಾಳೆ. ಕೈ ಪ್ರೆಸ್ಸಿನಲ್ಲಿ ಇಬ್ಬರು ಬೆವರು ಸುರಿಸಿದರೂ ಆಗುತ್ತಿದ್ದದ್ದು ಇನ್ನೂರೈವತ್ತರ ಆಸುಪಾಸು. ಕೆಲಸಗಾರರು ಗಲಾಟೆ ಮಾಡಿಯಾರು ಎಂದು ಮಾಲೀಕ ಜಾನ್ ವಾಲ್ಟರ್ ಯಂತ್ರವನ್ನು ಗುಟ್ಟಾಗಿ ಬೇರೆ ಕಟ್ಟಡದಲ್ಲಿ ಕೂರಿಸಿದ್ದ. ಪತ್ರಿಕೆ ಅಚ್ಚಾದ ಮೇಲೆ ವಿಷಯ ತಿಳಿಸಿ, ಬೇರೆ ಕೆಲಸ ಸಿಗುವವರೆಗೆ ಕೂಲಿ ಕೊಡುತ್ತೇನೆ ಎಂದ.

ಇಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಶಾಯಿ ಹಚ್ಚುವುದು ಮತ್ತು ಒತ್ತುವುದು ಉಗಿಯ ಪಾಲಿಗೆ ಹೋಯಿತು, ಆದರೆ ಹಾಳೆ ಕೊಡುವುದು ಕೈಯಲ್ಲೇ ಉಳಿಯಿತು. ಹುಡುಗರು ಯಂತ್ರದ ಪಕ್ಕ ನಿಂತು ಒಂದೊಂದೇ ಹಾಳೆ ಜಾರಿಸುತ್ತಿದ್ದರು. ಯಂತ್ರ ಎಷ್ಟು ಜೋರಾಗಿ ಓಡಬಲ್ಲದು ಎಂಬುದನ್ನು ನಿರ್ಧರಿಸುತ್ತಿದ್ದದ್ದು ಆ ಬೆರಳುಗಳು.

ಕೈಯನ್ನು ದಾಟಲು ಅಮೆರಿಕದ ವಿಲಿಯಂ ಬುಲಕ್ 1860ರ ದಶಕದಲ್ಲಿ ಬೇರೆ ದಾರಿ ಹಿಡಿದ. ಹಾಳೆ ಬೇಡ, ಉರುಳೆಯೇ ಇರಲಿ, ಅಚ್ಚಿನ ಜೊತೆಗೇ ಯಂತ್ರ ಕತ್ತರಿಸಿಕೊಳ್ಳಲಿ ಎಂದ. ಇವತ್ತಿನ ದಿನಪತ್ರಿಕೆಗಳು ಅಚ್ಚಾಗುವುದು ಉರುಳೆಯಿಂದಲೇ. ಬುಲಕ್ ಮಾತ್ರ 1867ರಲ್ಲಿ ತನ್ನದೇ ಯಂತ್ರಕ್ಕೆ ಕಾಲು ಸಿಕ್ಕಿ, ಆ ಗಾಯದಿಂದಲೇ ಸತ್ತ.

ಹಾಳೆ ಕೊಡುವುದು ತಪ್ಪಿದ್ದರಿಂದ ಹುಟ್ಟಿದ ವಿದ್ಯೆಯೂ ಒಂದಿದೆ. 1904ರ ಹೊತ್ತಿಗೆ ನ್ಯೂಜೆರ್ಸಿಯಲ್ಲಿ ಐರಾ ರುಬೆಲ್ ಎಂಬ ಮುದ್ರಕನ ಯಂತ್ರಕ್ಕೆ ಹಾಳೆ ಕೊಡುವುದು ಒಮ್ಮೊಮ್ಮೆ ತಪ್ಪುತ್ತಿತ್ತು. ಆಗ ಅಚ್ಚು ಕೆಳಗಿದ್ದ ರಬ್ಬರ್ ಹೊದಿಕೆಯ ಮೇಲೆ ಬಿತ್ತು. ಮುಂದಿನ ಹಾಳೆ ಬಂದಾಗ ರಬ್ಬರಿನಿಂದ ಅದರ ಬೆನ್ನಿಗೂ ಅಚ್ಚು ಅಂಟಿತು. ನೋಡಿದರೆ, ನೇರ ಬಿದ್ದ ಅಚ್ಚಿಗಿಂತ ರಬ್ಬರಿನಿಂದ ಬಂದದ್ದೇ ಸ್ವಚ್ಛ! ಹಾಳಾದ ಹಾಳೆ ಎಂದು ಬಿಸಾಡದೆ ಅದಕ್ಕಾಗಿಯೇ ಒಂದು ಯಂತ್ರ ಮಾಡಿಸಿದ. ಅದೇ ಆಫ್‌ಸೆಟ್. ನಮ್ಮ ಮಕ್ಕಳ ಶಾಲಾ ಪುಸ್ತಕಗಳು ಅಚ್ಚಾಗುವುದು ಆ ವಿಧಾನದಲ್ಲಿ.

ನಮ್ಮ ತಾಲ್ಲೂಕು ಊರುಗಳ ಹಿರಿಯ ಮುದ್ರಕರಿಗೆ ಇವೆಲ್ಲಕ್ಕಿಂತ ಹತ್ತಿರದ್ದು ಟ್ರೆಡಲ್ ಯಂತ್ರ. ಬಾಯಿ ತೆರೆದು ಮುಚ್ಚುವ ಯಂತ್ರ ಅದು. ತೆರೆದಾಗ ಬಲಗೈಯಲ್ಲಿ ಹೊಸ ಹಾಳೆ ಇಟ್ಟು, ಎಡಗೈಯಲ್ಲಿ ಅಚ್ಚಾದದ್ದನ್ನು ತೆಗೆಯಬೇಕು. ಕ್ಷಣ ತಡವಾದರೆ ಬೆರಳು ಹೋಯಿತು. ಮದುವೆ ಕರೆಯೋಲೆ, ಜಾತ್ರೆಯ ಕರಪತ್ರ, ರಸೀದಿ ಪುಸ್ತಕಗಳೆಲ್ಲ ಹೀಗೆ ಒಬ್ಬರ ಕೈಯ ಲಯದಲ್ಲಿ ಬಂದವು.

ಆ ಕೈಯನ್ನೇ ನಕಲು ಮಾಡಿದ ಯಂತ್ರ ಜರ್ಮನಿಯ ಹೈಡಲ್‌ಬರ್ಗ್, 1914ರಲ್ಲಿ ಜನರ ಮುಂದೆ ಬಂತು. ಗಾಳಿ ಊದಿ ಹಾಳೆಗಳ ಅಂಚು ಬಿಡಿಸುತ್ತದೆ, ಹೀರುವ ಬಾಯಿಗಳು ಮೇಲಿನದೊಂದನ್ನು ಎತ್ತುತ್ತವೆ, ರೆಕ್ಕೆಯಂತೆ ಸುತ್ತುವ ಎರಡು ಕೈಗಳಲ್ಲಿ ಒಂದು ಹೊಸದನ್ನು ತಂದರೆ ಇನ್ನೊಂದು ಹಳೆಯದನ್ನು ಒಯ್ಯುತ್ತದೆ. ಬಲಗೈ, ಎಡಗೈ, ನಡುವೆ ಒತ್ತು. ಟ್ರೆಡಲ್ ಕೆಲಸಗಾರ ಮಾಡುತ್ತಿದ್ದದ್ದೇ ಅದು.

ತೂತು ಮತ್ತೆ ಬಂತು

ಕಂಪ್ಯೂಟರ್ ಕಾಲಕ್ಕೆ ಹಳೆಯ ಸೂಜಿ ತೂತು ಹೊಸ ವೇಷದಲ್ಲಿ ಮರಳಿತು. ಎರಡೂ ಅಂಚಿನಲ್ಲಿ ಸಾಲು ತೂತುಗಳಿರುವ, ಮಡಿಚಿ ಮಡಿಚಿ ಇಟ್ಟ ಉದ್ದನೆಯ ಕಾಗದ ನೆನಪಿದೆಯೇ? ಹಲ್ಲಿನ ಚಕ್ರಕ್ಕೆ ತೂತು ಸಿಕ್ಕಿಸಿದರೆ ಕಾಗದ ಒಂದೇ ಅಳತೆಯಲ್ಲಿ ಮುಂದೆ ಹೋಗುತ್ತದೆ. ಈ ಉಪಾಯ ಕಂಪ್ಯೂಟರಿಗಿಂತ ಹಳೆಯದು. ಅಮೆರಿಕದ ಡೇಟನ್ ಊರಿನಲ್ಲಿ ಥಿಯೋಡೋರ್ ಶಿರ್ಮರ್ ರೂಪಿಸಿದ ಹಲ್ಲುಚಕ್ರದ ರಸೀದಿ ಯಂತ್ರವನ್ನು ನಂಬಿ 1912ರಲ್ಲಿ ಒಂದು ಕಂಪನಿಯೇ ಶುರುವಾಗಿತ್ತು. ಮುಂದೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳು ಅದನ್ನೇ ಬಳಸಿಕೊಂಡವು.

ತೂತಿನ ಕಾಗದ ಜಾರುವುದಿಲ್ಲ, ಎರಡೆರಡು ಹೋಗುವುದೂ ಇಲ್ಲ. ಆದರೆ ಅದಕ್ಕೆ ಬೇರೆಯೇ ಕಾಗದ ಬೇಕು, ಅಂಚು ಹರಿಯಬೇಕು. ಅಂಗಡಿಯಲ್ಲಿ ಸಿಗುವ ಬಿಡಿ ಹಾಳೆಗೆ ಅದು ಆಗಿಬರುವುದಿಲ್ಲ.

ಬಿಡಿ ಹಾಳೆಗೆ ಬೆಂಕಿ

ಬಿಡಿ ಹಾಳೆಯ ಕಾಲ ಶುರುಮಾಡಿದ್ದು ಜೆರಾಕ್ಸ್. ಚೆಸ್ಟರ್ ಕಾರ್ಲ್‌ಸನ್ 1938ರ ಅಕ್ಟೋಬರ್ 22ರಂದು ಮೊದಲ ಒಣ ನಕಲು ತೆಗೆದ. ಅದು ಕಚೇರಿಗಳಲ್ಲಿ ಓಡುವ ಯಂತ್ರವಾಗಲು ಎರಡು ದಶಕ ಹಿಡಿಯಿತು. 1959ರಲ್ಲಿ ಜನರಿಗೆ ತೋರಿಸಿದ ಜೆರಾಕ್ಸ್ 914 ಸುಮಾರು 290 ಕಿಲೊ ತೂಕವಿತ್ತು, ನಿಮಿಷಕ್ಕೆ ಏಳು ನಕಲು ಕೊಡುತ್ತಿತ್ತು. ಪುಡಿಯನ್ನು ಕಾಗದಕ್ಕೆ ಅಂಟಿಸಲು ಬಿಸಿ ಬೇಕು. ಆ ಬಿಸಿಯ ಬಳಿ ಹಾಳೆ ಸಿಕ್ಕಿಹಾಕಿಕೊಂಡರೆ ಹೊತ್ತಿಕೊಳ್ಳುತ್ತಿತ್ತು. ಅದಕ್ಕೇ ಕಂಪನಿ ಯಂತ್ರದ ಜೊತೆ ಬೆಂಕಿ ಆರಿಸುವ ಒಂದು ಸಣ್ಣ ಸಿಲಿಂಡರನ್ನೂ ಕಳಿಸುತ್ತಿತ್ತು. ಬೆಂಕಿ ಎಂಬ ಮಾತು ಬಾರದಂತೆ ಅದಕ್ಕೆ 'ಕರಕಲು ನಿವಾರಕ' ಎಂಬರ್ಥದ ಹೆಸರು ಕೊಟ್ಟಿದ್ದರು.

ಹಾಳೆ ಸಿಕ್ಕಿಕೊಂಡ ಇನ್ನೊಂದು ಘಟನೆಯ ಫಲ ನಿಮ್ಮ ಕೈಯಲ್ಲಿರುವ ಫೋನಿನವರೆಗೆ ಬಂದಿದೆ. 1980ರ ಹೊತ್ತಿಗೆ ಅಮೆರಿಕದ ಎಂಐಟಿ ಪ್ರಯೋಗಾಲಯದಲ್ಲಿ ಹೊಸ ಲೇಸರ್ ಪ್ರಿಂಟರಿನಲ್ಲಿ ಹಾಳೆ ಪದೇಪದೇ ಜಾಮ್ ಆಗುತ್ತಿತ್ತು. ಪ್ರಿಂಟರ್ ಬೇರೆ ಮಹಡಿಯಲ್ಲಿ. ಜಾಮ್ ಆದರೆ ಎಲ್ಲರ ಕಂಪ್ಯೂಟರಿಗೆ ಸುದ್ದಿ ಬರುವಂತೆ ಮಾಡೋಣ ಎಂದು ರಿಚರ್ಡ್ ಸ್ಟಾಲ್‌ಮನ್ ಹೊರಟ. ಹಳೆಯ ಪ್ರಿಂಟರಿಗೆ ಹಾಗೆ ಮಾಡಿದ್ದ. ಹೊಸದರ ಸಾಫ್ಟ್‌ವೇರಿನ ಮೂಲ ಬರಹ ಮಾತ್ರ ಕೇಳಿದರೂ ಸಿಗಲಿಲ್ಲ. ಯಂತ್ರ ನಮ್ಮ ಮುಂದಿದ್ದರೂ ಅದನ್ನು ಸರಿಮಾಡುವ ಹಕ್ಕು ನಮಗಿಲ್ಲವೇ ಎಂಬ ಆ ಸಿಟ್ಟು, ಮುಕ್ತ ತಂತ್ರಾಂಶ ಚಳವಳಿಗೆ ಒಂದು ಕಾರಣವಾಯಿತು ಎಂದು ಅವನೇ ಹೇಳಿಕೊಂಡಿದ್ದಾನೆ. 1983ರಲ್ಲಿ ಅವನು ಗ್ನೂ ಯೋಜನೆ ಘೋಷಿಸಿದ. ಆಂಡ್ರಾಯ್ಡ್ ಫೋನಿನ ಒಡಲಲ್ಲಿರುವ ಲಿನಕ್ಸ್ ಹಂಚಿಕೆಯಾಗುವುದು ಅವನು ಬರೆದ ಪರವಾನಗಿಯ ಅಡಿಯಲ್ಲಿ.

ರಬ್ಬರಿನ ಹೆಬ್ಬೆರಳು

ಈಗ ನಮ್ಮೂರ ಅಂಗಡಿಯ ಪ್ರಿಂಟರಿಗೆ ಬರೋಣ. ಎ4 ಹಾಳೆ ದಪ್ಪದಲ್ಲಿ ಸುಮಾರು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. 80 ಜಿಎಸ್‌ಎಂ ಹಾಳೆಯಾದರೆ ತೂಕ 5 ಗ್ರಾಂ. ಇಷ್ಟು ತೆಳ್ಳಗಿನದನ್ನು ನೂರರ ಕಟ್ಟಿನಿಂದ ಒಂದೇ ಎತ್ತಬೇಕು.

ಬ್ಯಾಂಕಿನ ಕ್ಯಾಷಿಯರ್ ನೋಟು ಎಣಿಸುವುದನ್ನು ನೋಡಿದ್ದೀರಿ. ಒದ್ದೆ ಸ್ಪಂಜಿಗೆ ಹೆಬ್ಬೆರಳು ತಾಗಿಸಿ ಮೇಲಿನ ನೋಟನ್ನು ಎಳೆಯುತ್ತಾರೆ, ಕೆಳಗಿನದು ಜೊತೆಗೆ ಬಾರದಂತೆ ಇನ್ನೊಂದು ಬೆರಳು ತಡೆಯುತ್ತದೆ. ಪ್ರಿಂಟರಿನಲ್ಲಿ ಹೆಬ್ಬೆರಳಿನ ಜಾಗದಲ್ಲಿ ರಬ್ಬರ್ ರೋಲರ್ ಇದೆ. ತಡೆಯುವ ಬೆರಳಿನ ಜಾಗದಲ್ಲಿ ಒಂದು ಸಣ್ಣ ಪ್ಯಾಡ್ ಇರುತ್ತದೆ, ದೊಡ್ಡ ಯಂತ್ರಗಳಲ್ಲಿ ಇನ್ನೊಂದು ರೋಲರ್.

ಗುಟ್ಟೆಲ್ಲ ಹಿಡಿತದ ಲೆಕ್ಕದಲ್ಲಿದೆ. ರೋಲರಿಗೂ ಹಾಳೆಗೂ ಇರುವ ಹಿಡಿತ ಎಲ್ಲಕ್ಕಿಂತ ಹೆಚ್ಚು. ಪ್ಯಾಡಿಗೂ ಹಾಳೆಗೂ ಇರುವುದು ಅದಕ್ಕಿಂತ ಕಡಿಮೆ. ಹಾಳೆಗೂ ಹಾಳೆಗೂ ನಡುವಿನದು ಎಲ್ಲಕ್ಕಿಂತ ಕಡಿಮೆ. ಒಂದೇ ಹಾಳೆ ಬಂದರೆ ರೋಲರ್ ಗೆಲ್ಲುತ್ತದೆ, ಹಾಳೆ ಒಳಗೆ ಹೋಗುತ್ತದೆ. ಎರಡು ಬಂದರೆ ಕೆಳಗಿನದನ್ನು ಪ್ಯಾಡ್ ತಡೆದು ನಿಲ್ಲಿಸುತ್ತದೆ, ಮೇಲಿನದು ಜಾರಿ ಹೋಗುತ್ತದೆ.

ರಬ್ಬರ್ ಸವೆದು, ಕಾಗದದ ಧೂಳು ಮೆತ್ತಿ ನುಣುಪಾದಾಗ ಈ ಲೆಕ್ಕ ತಪ್ಪುತ್ತದೆ. ಹಾಳೆ ಹೋಗುವುದೇ ಇಲ್ಲವೆಂದರೆ ಮೊದಲು ರೋಲರ್ ಮೇಲೆ ಅನುಮಾನ ಪಡಬೇಕು, ಎರಡೆರಡು ಹೋಗುತ್ತಿದ್ದರೆ ಪ್ಯಾಡಿನ ಮೇಲೆ.

ಒಳಗೆ ಹೋದ ಹಾಳೆ ಸೊಟ್ಟಗಿದ್ದರೆ? ಮುಂದೆ ತಿರುಗದೆ ನಿಂತ ಒಂದು ಜೋಡಿ ರೋಲರುಗಳಿಗೆ ಹಾಳೆಯ ತುದಿ ಹೋಗಿ ತಾಗುತ್ತದೆ. ಹಿಂದಿನಿಂದ ಇನ್ನೂ ತಳ್ಳುತ್ತಿರುವುದರಿಂದ ಹಾಳೆ ಸ್ವಲ್ಪ ಉಬ್ಬುತ್ತದೆ, ತುದಿ ರೋಲರಿಗೆ ನೇರವಾಗಿ ಕೂರುತ್ತದೆ. ಆಮೇಲೆ ರೋಲರ್ ತಿರುಗುತ್ತದೆ. ಲೇಸರ್ ಯಂತ್ರಗಳು ಹಾಳೆಯನ್ನು ನೇರಮಾಡುವುದು ಹೀಗೆ, ಹಲವು ಇಂಕ್‌ಜೆಟ್‌ಗಳೂ ಇದನ್ನೇ ಮಾಡುತ್ತವೆ. ಗುಟೆನ್‌ಬರ್ಗ್ ಕಾಲದ ಸೂಜಿಯ ಕೆಲಸವನ್ನು ಇಲ್ಲಿ ತೂತಿಲ್ಲದೆ ಮಾಡುತ್ತಾರೆ.

ನಾಲ್ಕು ಬಣ್ಣ, ಒಂದೇ ಓಟ

ಕಲರ್ ಲೇಸರಿನವರು ಮೊದಲು ಹಿಡಿದದ್ದು ಕಲ್ಲಚ್ಚಿನ ದಾರಿಯನ್ನೇ. 1987ರ ಕ್ಯಾನನ್ ಕಲರ್ ಲೇಸರ್ ಕಾಪಿಯರಿನಂಥ ಯಂತ್ರಗಳಲ್ಲಿ ಹಾಳೆಯನ್ನು ಒಂದು ಡ್ರಮ್ಮಿಗೆ ಸುತ್ತಿ ನಾಲ್ಕು ಸುತ್ತು ತಿರುಗಿಸುತ್ತಿದ್ದರು, ಸುತ್ತಿಗೊಂದು ಬಣ್ಣ. ನಿಧಾನ, ಮೇಲಾಗಿ ಕಾಗದ ಕದಲುವ ಭಯ. ಈಗಿನ ಬಹುಪಾಲು ಯಂತ್ರಗಳಲ್ಲಿ ಹಳದಿ, ಕೆನ್ನೇರಳೆ, ನೀಲಿ, ಕಪ್ಪು ಪುಡಿಗಳು ಮೊದಲು ಒಂದು ಬೆಲ್ಟಿನ ಮೇಲೆ ಜೊತೆಗೂಡುತ್ತವೆ. ಹಾಳೆ ಒಂದೇ ಸಲ ಬಂದು ಅಷ್ಟನ್ನೂ ಹೊತ್ತುಕೊಂಡು ಬಿಸಿ ರೋಲರಿನ ಕಡೆ ಹೋಗುತ್ತದೆ.

ನಮ್ಮ ಅಂಗಡಿಗಳಲ್ಲಿ ಹೆಚ್ಚು ಕಾಣುವ ಇಂಕ್ ಟ್ಯಾಂಕ್ ಪ್ರಿಂಟರ್ ಕೂಡ ಹಾಗೆಯೇ. ಎಪ್ಸನ್ ಕಂಪನಿ 2010ರಲ್ಲಿ ಇಂಡೋನೇಷ್ಯಾದಲ್ಲಿ ಮೊದಲು ಮಾರಿದ ಈ ಬಗೆಯಲ್ಲಿ ನಾಲ್ಕೂ ಬಣ್ಣ ಒಂದೇ ತಲೆಯಲ್ಲಿವೆ. ತಲೆ ಎಡಬಲ ಓಡುತ್ತದೆ, ಹಾಳೆ ಒಂದು ಪಟ್ಟಿಯಷ್ಟು ಮುಂದೆ ಸರಿದು ನಿಲ್ಲುತ್ತದೆ. ಹೆಚ್ಚು ಸರಿದರೆ ಬಿಳಿ ಗೆರೆ, ಕಡಿಮೆ ಸರಿದರೆ ಕಪ್ಪಾದ ಪಟ್ಟಿ.

1457ರ ಮೈನ್ಜ್ ಮುದ್ರಕರ ಉಪಾಯ ಇದೇ ಅಲ್ಲವೇ? ಬಣ್ಣಗಳನ್ನು ಮೊದಲು ಒಂದೆಡೆ ಸೇರಿಸು, ಹಾಳೆಗೆ ಒಂದೇ ಓಟ ಕೊಡು. ತೇವ ಕುಡಿಯುವ, ಸುರುಳಿಯಾಗುವ, ಜಾರುವ ಕಾಗದವನ್ನು ಎಷ್ಟು ಕಡಿಮೆ ಓಡಿಸಿದರೆ ಅಷ್ಟು ಒಳ್ಳೆಯದು ಎಂಬ ಪಾಠಕ್ಕೆ ಯಂತ್ರಗಳು ಐದು ಶತಮಾನ ಸುತ್ತಿ ಮರಳಿ ಬಂದವು.

ಹಳ್ಳಿಗೆ ಇದರಿಂದೇನು?

ಕರ್ನಾಟಕದಲ್ಲಿ 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂದು ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಸೇರಿದವು. ಗ್ರಾಮ ಲೆಕ್ಕಿಗರ ಕೈಬರಹದ ಬದಲು 15 ರೂಪಾಯಿಗೆ ಅಚ್ಚಾದ ಪಹಣಿ ಸಿಗತೊಡಗಿತು. ಅಲ್ಲಿಂದ ಮುಂದೆ ಒಂದೊಂದೇ ದಾಖಲೆ ಪೆನ್ನಿನಿಂದ ಪ್ರಿಂಟರಿಗೆ ಬಂತು. ಹೊಲ ಯಾರದ್ದು, ಮಗಳಿಗೆ ವಿದ್ಯಾರ್ಥಿವೇತನ ಸಿಗುತ್ತದೋ ಇಲ್ಲವೋ ಎಂಬುದಕ್ಕೆ ಬೇಕಾದ ಕಾಗದ ಕೊನೆಗೆ ಬರಬೇಕಾದದ್ದು ಆ ರಬ್ಬರಿನ ಹೆಬ್ಬೆರಳಿನ ಕೆಳಗಿನಿಂದಲೇ. ಕೊನೆಯ ದಿನ ಅದು ಜಾರಿದರೆ ಕೂಲಿ ಬಿಟ್ಟು ಬಂದವರ ದಿನ ಹೋಗುತ್ತದೆ, ಅಂಗಡಿಯವರ ಹಾಳೆಯೂ ಹೋಗುತ್ತದೆ.

ಹಾಗಾಗಿ ಅಂಗಡಿ ನಡೆಸುವ ಅಕ್ಕ-ಅಣ್ಣಂದಿರಿಗೆ ಈ ಇತಿಹಾಸದಿಂದಲೇ ಬಂದ ಕೆಲವು ಮಾತು. ರೀಮನ್ನು ಅದರ ಹೊದಿಕೆಯಲ್ಲೇ ಇಡಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬಿಚ್ಚಿಟ್ಟ ಹಾಳೆ ತೇವ ಕುಡಿದು ಮೆತ್ತಗಾಗುತ್ತದೆ, ಬಯಲುಸೀಮೆಯ ಬೇಸಿಗೆಯಲ್ಲಿ ಒಣಗಿದ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಟ್ರೇಗೆ ಹಾಕುವ ಮೊದಲು ಕಟ್ಟನ್ನು ಇಸ್ಪೀಟು ಎಲೆಯಂತೆ ಬಿಡಿಸಿ ಗಾಳಿಯಾಡಿಸಿ, ಹೈಡಲ್‌ಬರ್ಗ್ ಗಾಳಿ ಊದುತ್ತಿದ್ದದ್ದು ಇದಕ್ಕೇ. ಪಕ್ಕದ ಪಟ್ಟಿಗಳು ಹಾಳೆಗೆ ತಾಗಿರಲಿ, ಒತ್ತಬಾರದು. ಜಾಮ್ ಆದರೆ ಸ್ವಿಚ್ ಆರಿಸಿ, ಎರಡೂ ಕೈಯಿಂದ ನಿಧಾನವಾಗಿ, ಸಾಧ್ಯವಾದರೆ ಹಾಳೆ ಹೋಗುವ ದಿಕ್ಕಿಗೇ ಎಳೆಯಿರಿ. ಲೇಸರ್ ಆದರೆ ಬಿಸಿ ಆರಲು ಬಿಡಿ. ಪ್ಲಗ್ ತೆಗೆದು ರೋಲರನ್ನು ನೀರಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯಿಂದ ಆಗಾಗ ಒರೆಸಿ. ಪೆಟ್ರೋಲು, ಥಿನ್ನರ್ ಮುಟ್ಟಿಸಬೇಡಿ, ರಬ್ಬರ್ ಹಾಳಾಗುತ್ತದೆ.

ಒಂದು ಕಾಲಕ್ಕೆ ಲಂಡನ್ನಿನ ಹುಡುಗರು, ನಮ್ಮ ತಾಲ್ಲೂಕಿನ ಟ್ರೆಡಲ್ ಕೆಲಸಗಾರರು ದಿನವಿಡೀ ನಿಂತು ಮಾಡುತ್ತಿದ್ದ ಕೆಲಸ ಇವತ್ತು ಒಂದು ಸಣ್ಣ ರಬ್ಬರಿನ ತುಂಡಿನ ಪಾಲಿಗೆ ಬಂದಿದೆ. ಅದೂ ದುಡಿದು ಸವೆಯುತ್ತದೆ. ಪ್ರಿಂಟರೇ ಹೋಯಿತು ಎಂದು ಮೂಲೆಗಿಡುವ ಮುನ್ನ ಒಮ್ಮೆ ಅದರ ಬೆರಳು ನೋಡಿ.